ಕೆಲಸ ಕೊಡುವವರ ಮನೆ ನೋಡಲು ಹೋದದ್ದು

ಬೈಲಹೊಂಗಲದ ಕಾಲೇಜಿಗೆ ಕಂಪನಿಯವರು ಬಂದು ಹುಡುಗರನ್ನು ಆರಿಸುತ್ತಾರೆ ಎಂದಾಗ ನನ್ನ ಮೊಮ್ಮಗಳು ವಾರವಿಡೀ ಕನ್ನಡಿಯ ಮುಂದೆ ಇಂಗ್ಲಿಷ್ ಮಾತಾಡಿದಳು. ಬಿ.ಕಾಂ. ಕೊನೆಯ ವರ್ಷ. ಇಂಟರ್ನ್‌ಶಿಪ್ ಮಾಡದಿದ್ದರೆ ಅದರ ಅಂಕ ಬರುವುದಿಲ್ಲವಂತೆ. ಚಲೋ ಕಡೆ ಸಿಕ್ಕರೆ ಅಲ್ಲೇ ನೌಕರಿಯೂ ಆಗುತ್ತದಂತೆ.

ಟೈ ಕಟ್ಟಿದವರಿಬ್ಬರು ಬಂದರು. ಕಾಲೇಜಿನವರು ಅವರಿಗೆ ಶಿರಾ, ಉಪ್ಪಿಟ್ಟು ಕೊಟ್ಟು ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸಿದರು. ತಿಂದವರು ಆಮೇಲೆ ತಿಳಿಸುತ್ತೇವೆಂದು ಎದ್ದು ಹೋದರು. ಹೆಣ್ಣು ನೋಡಲು ಬರುವವರ ಚಾಳಿಯೇ ಅದು.

ಕೆಲವು ದಿನ ಬಿಟ್ಟು ಫೋನು ಬಂತು. ಮೊಮ್ಮಗಳು ಆಯ್ಕೆಯಾಗಿದ್ದಳು, ಸವದತ್ತಿಯ ಆಫೀಸಿಗೆ.

"ಏನ್ ಕೇಳಿದ್ರು ನಿನಗ?" ಎಂದೆ.

"ಬಳಗ ದೊಡ್ಡದೈತೇನು ಅಂತ ಕೇಳಿದ್ರು, ಆಯಿ. ಸಂಗೊಳ್ಳಿ, ಕಿತ್ತೂರು, ರಾಮದುರ್ಗ, ಎಲ್ಲಾ ಕಡೆ ಅದಾರ ಅಂದ್ನಿ. ಭಾಳ ಖುಷಿ ಆದ್ರು."

"ಲೆಕ್ಕ ಗಿಕ್ಕ ಕೇಳಲಿಲ್ಲ?"

"ಇಲ್ಲ. ನನ್ನ ಕಮ್ಯುನಿಕೇಶನ್ ಚಲೋ ಐತಂತ."

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಹೋಗಿ ಗಂಡಿನ ಮನೆ ನೋಡಿ ಬರುತ್ತೇವೆ. ಅವರ ಮಾತು ಕೇಳಿದರೆ ಸಾಲದು, ಅಡುಗೆಮನೆ, ಹಿತ್ತಿಲು ನೋಡಬೇಕು. ಈ ಆಫೀಸನ್ನೂ ನೋಡಿಯೇ ಕಳಿಸುತ್ತೇನೆಂದು ಹಟ ಹಿಡಿದೆ. ಮೊಮ್ಮಗಳ ಮಾನ ಹೋಯಿತು.

"ಆಯಿನ್ನ ಕರಕೊಂಡ ಯಾರರ ನೌಕರಿಗೆ ಹೋಗ್ತಾರೇನು?"

ಮುರಗೋಡ ದಾಟುವವರೆಗೆ ಬಸ್ಸಿನಲ್ಲಿ ಬೇರೆ ಸೀಟಿನಲ್ಲೇ ಕೂತಿದ್ದಳು.

ಆಫೀಸು ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿತ್ತು. ಟೇಬಲ್ಲಿನ ಸುತ್ತ ಕಾಲೇಜು ಹುಡುಗರು ಕೂತು, ತಮ್ಮದೇ ಫೋನಿನಲ್ಲಿ ತಮ್ಮದೇ ಮಾವಂದಿರಿಗೆ ವಿಮೆ ಮಾರುತ್ತಿದ್ದರು. ಟೈ ಕಟ್ಟಿದವರಲ್ಲೊಬ್ಬ ಮೊಮ್ಮಗಳ ಮುಂದೆ ಹಾಳೆ ಇಟ್ಟ.

"ಮೊದಲ ನಿಮ್ಮ ಬಳಗದ ಐವತ್ತ ಮಂದಿ ನಂಬರ್ ಬರಿಯವಾ."

ರಾಮದುರ್ಗದ ಅತ್ತೆಯ ನಂಬರ್ ಬರೆದವಳು ಪೆನ್ನು ನಿಲ್ಲಿಸಿದಳು.

"ಸರ್, ಇವರೆಲ್ಲಾ ಮುಗದ ಮ್ಯಾಲ ನನ್ನ ಕೆಲಸ ಏನ್ರಿ?"

"ಟೀಮ್ ಲೀಡರ್ ಆಗ್ತಿ. ನಿನ್ನ ಕೈಕೆಳಗ ಹೊಸಾ ಹುಡುಗ್ರು ಬರ್ತಾರ."

"ಅವರ ಬಳಗಾನೂ ದೊಡ್ಡದ ಇರಬೇಕೇನ್ರಿ ಸಾಹೇಬ್ರ?" ಎಂದೆ ನಾನು.

ಅವನಿಗೆ ನಗು ಬರಲಿಲ್ಲ. "ಅಮ್ಮಾರ, ನೀವು ಹೊರಗ ಕುಂದರ್ರಿ."

ಹೆಣ್ಣಿನ ಕಡೆಯವರನ್ನು ಹೊರಗೆ ಕೂರಿಸುವವರಿಗೆ ಹೆಣ್ಣು ಕೊಡುವವರುಂಟೆ? ನಾನು ಎದ್ದೆ. ಮೊಮ್ಮಗಳು ನನಗಿಂತ ಮೊದಲೇ ಎದ್ದು, ಬರೆದ ಹಾಳೆ ಹರಿದು ಚೀಲಕ್ಕೆ ಹಾಕಿಕೊಂಡಿದ್ದಳು.

ಬಸ್ ನಿಲ್ದಾಣದಲ್ಲಿ ಸಿಟ್ಟೆಲ್ಲ ನನ್ನ ಮೇಲೆ. "ಈಗ ಮಾರ್ಕ್ಸ್ ಯಾರ ಕೊಡ್ತಾರ? ನೀ ಕೊಡ್ತೀಯೇನು?"

ಖರೇ ಮಾತು. ನಾಲ್ಕನೆಯ ಇಯತ್ತೆ ಓದಿದ ನಾನು ಎಲ್ಲಿಂದ ತರಲಿ?

ಬೈಲಹೊಂಗಲದಲ್ಲಿ ಇಳಿದವಳು ಮನೆಯ ದಾರಿ ಹಿಡಿಯಲಿಲ್ಲ. ಬಜಾರದಲ್ಲಿ ಪಂಪು, ಪೈಪು ಮಾರುವ ಅಂಗಡಿಯೊಳಗೆ ಹೊಕ್ಕಳು; ಹಿಂದೆಯೇ ನಾನೂ ಹೊಕ್ಕೆ. ಅದರ ಮಾಲೀಕರು ನಮಗೆ ಹಳೆಯ ಗುರುತಿನ ಚಾಚಾ. ಓದಿದ ಹುಡುಗರು ಅಂಗಡಿಗೆ ಬರುವುದಿಲ್ಲವೆಂದು ಸದಾ ಗೊಣಗುವವರು, ಕಾಲೇಜಿನ ಮೆಟ್ಟಿಲು ಹತ್ತಿ ಒಂದು ಮಾತು ಕೇಳಿದವರಲ್ಲ. ಕರೆಯದೆ ಬರಲು ಹುಡುಗರೇನು ನೊಣಗಳೇ?

"ಚಾಚಾ, ನಿಮ್ಮ ಜಿಎಸ್‌ಟಿ ಬಿಲ್ ನಾ ಮಾಡ್ಲೇನ್ರಿ? ಕಾಲೇಜಿಗೆ ಒಂದ ಸರ್ಟಿಫಿಕೇಟ್ ಕೊಡಬೇಕಾಗ್ತೈತಿ."

"ಬರತೈತೇನು ನಿನಗ?"

"ಪುಸ್ತಕದಾಗಿಂದಷ್ಟ ಬರತೈತ್ರಿ."

ಚಾಚಾ ಕನ್ನಡಕ ಮೇಲೇರಿಸಿದರು. "ನಾಳಿಂದ ಬಾ. ಒಂದ ವಾರ ನೀ ನಮ್ಮನ್ನ ನೋಡು, ನಾವು ನಿನ್ನ ನೋಡ್ತೇವಿ. ಕಲತಿ ಅಂದ್ರ ಪಗಾರದ ಮಾತ ಆಡೂಣು. ಆದ್ರ ಆಯಿನ್ನ ಮಾತ್ರ ಕರಕೊಂಡ ಬರಬ್ಯಾಡವಾ."

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನಗಲಿ. ಅವಳು ಕೂರುವ ಕುರ್ಚಿ, ತಲೆಯ ಮೇಲಿನ ಫ್ಯಾನು, ಹಿಂದಿನ ಪಾಯಖಾನೆಯ ಚಿಲಕ ಎಲ್ಲವನ್ನೂ ನಾನು ಅಷ್ಟರಲ್ಲಿ ನೋಡಿ ಮುಗಿಸಿದ್ದೆ.