ದೀಪಸ್ತಂಭದ ಹುಡುಗಿ, ಎಂಜಿನ್ನಿನ ಅಜ್ಜ

ಗುರುವಾರ ಬೆಳಿಗ್ಗೆ ಗೋಡೆ ತೀರಿಕೊಂಡ. ವಯಸ್ಸು ನಲವತ್ತೇಳು. ಒಂಬತ್ತಾದರೂ ಕೆಲಸಕ್ಕೆ ಬಂದಿಲ್ಲವೆಂದು ಕಟ್ಟುಹಲ್ಲು ಮಾಡುವ ಲ್ಯಾಬಿನಿಂದ ಫೋನು ಬಂದಾಗ ಅಕ್ಕ ಅವನ ಕೋಣೆಯ ಬಾಗಿಲು ತಳ್ಳಿದಳು. ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲಿ ಕೂತೇ ಇದ್ದ. ಒಂದು ಕಾಲಿಗೆ ಕಾಲುಚೀಲ ಹಾಕಿದ್ದ, ಇನ್ನೊಂದು ಕಾಲುಚೀಲ ತೊಡೆಯ ಮೇಲಿತ್ತು. ಹೃದಯ ಎಂದರು ವೈದ್ಯರು.

ಗೋಡೆ ಎಂಬುದು ಅವನ ಹೆಸರಲ್ಲ. ಯಾರ ಮನೆಗೆ ಹೋದರೂ, ಯಾವ ಕಚೇರಿಗೆ ಕಾಲಿಟ್ಟರೂ ಅಲ್ಲಿನ ಕಂಪ್ಯೂಟರಿನ ಪರದೆಯನ್ನೊಮ್ಮೆ ನೋಡಿ, “ನಿಮ್ಮ ಗೋಡೆ ಖಾಲಿ ಇದೆಯಲ್ರೀ” ಅನ್ನುತ್ತಿದ್ದ. ಮರುದಿನ ಅದಕ್ಕೊಂದು ವಾಲ್‌ಪೇಪರ್ ಮಾಡಿ ಕಳಿಸುತ್ತಿದ್ದ. ಲ್ಯಾಬಿನ ಯಜಮಾನನ ಕಂಪ್ಯೂಟರಿನಲ್ಲಿ ಬೆಳ್ಳಿಗೂದಲಿನ ಕತ್ತಿವರಸೆಗಾರ, ಅಕ್ಕನ ಫೋನಿನಲ್ಲಿ ಛತ್ರಿ ಹಿಡಿದ ಬೆಕ್ಕು. ಗೋಡೆ ಎಂದು ಮೊದಲು ಕರೆದವನು ಅವನ ಗೆಳೆಯ, ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಗೋಡೆ ಸುಮ್ಮನಿರುವ ಆಸಾಮಿಯೇ? ಕರಡು ತಿದ್ದುವವನನ್ನು ಕರಡಿ ಎಂದು ಕರೆದು ಸೇಡು ತೀರಿಸಿಕೊಂಡ. ಇಬ್ಬರ ನಿಜ ಹೆಸರುಗಳೂ ಆಮೇಲೆ ಗುರುತಿನ ಚೀಟಿಗಷ್ಟೇ ಉಳಿದವು.

ಇಪ್ಪತ್ತೆರಡು ವರ್ಷಗಳ ಗೆಳೆತನದಲ್ಲಿ ಕರಡಿ ಗೋಡೆಗೆ ಮಾಡಿದ ಮೋಸ ಒಂದೇ. ಅದು ಗೋಡೆಗೆ ಗೊತ್ತಿತ್ತೋ ಇಲ್ಲವೋ ಎಂಬುದು ಶವದ ಮುಂದೆ ನಿಂತಾಗಲೂ ಕರಡಿಯ ತಲೆಯಲ್ಲಿ ಸುತ್ತುತ್ತಿತ್ತು. ಅಳು ಬರಬೇಕಾದ ಹೊತ್ತಿನಲ್ಲಿ ಈ ಪ್ರಶ್ನೆ ಯಾಕೆ ಬರುತ್ತಿದೆ ಎಂದು ತಿಳಿಯದೆ ಅವನು ಸುಮ್ಮನೆ ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿಸುತ್ತ ನಿಂತಿದ್ದ.

ಇಬ್ಬರಿಗೂ ಇಪ್ಪತ್ತೈದಾಗಿದ್ದಾಗ ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರು. ಭಾನುವಾರ ಮಧ್ಯಾಹ್ನ ಕಿಟಕಿಗೆ ಹೊದಿಕೆ ಕಟ್ಟಿ ಅನಿಮೆ ನೋಡುವುದು ಗೋಡೆಯ ನೇಮ. ಅನಿಮೆ ಎಂದರೆ ಜಪಾನಿನವರು ಚಿತ್ರ ಬಿಡಿಸಿ ಮಾಡುವ ಸರಣಿಗಳು. ದೊಡ್ಡ ಕಣ್ಣು, ಚೂಪು ಗಲ್ಲ, ಗಾಳಿಯಿಲ್ಲದಿದ್ದರೂ ಹಾರುವ ಕೂದಲು. “ಇಷ್ಟು ಅಗಲ ಕಣ್ಣಿಟ್ಕೊಂಡು ಒಬ್ಬರಿಗೂ ಎದುರಿಗಿರೋದು ಕಾಣಲ್ವಲ್ಲೋ” ಎಂದು ತಮ್ಮನನ್ನು ನೋಡಲು ಬಂದಾಗ ಅಕ್ಕ ನಗುತ್ತಿದ್ದಳು. ಗೋಡೆಗೆ ಇಷ್ಟವಾದದ್ದು ಕಣ್ಣಲ್ಲ, ಬಾಯಿ. ಅಲ್ಲಿ ಯಾರಿಗೂ ಬಿಡಿ ಹಲ್ಲುಗಳಿಲ್ಲ, ನಕ್ಕರೆ ಒಂದೇ ಬಿಳಿಯ ಪಟ್ಟಿ. “ವಾರವೆಲ್ಲ ಹಲ್ಲು ಕೂರಿಸಿ ಕೂರಿಸಿ ಸಾಕಾಗಿರುತ್ತೆ ಕಣೋ. ಇವರನ್ನ ನೋಡಿದ್ರೆ ರಜಾ ಸಿಕ್ಕಿದ ಹಾಗೆ.”

ಡಿಸ್ಕು ಮಾರುವವನೊಬ್ಬ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಕೂರುತ್ತಿದ್ದ. ಅವನ ಹತ್ತಿರ ಒಮ್ಮೆ ಹೆಸರಿಲ್ಲದ, ಬರೀ ನಲವತ್ತೊಂದು ಎಂದು ಶಾಯಿಯಲ್ಲಿ ಬರೆದ ಡಿಸ್ಕು ಸಿಕ್ಕಿತು. ಏಳು ಕಂತುಗಳಿದ್ದವು. ಮಾತು ಜಪಾನಿ. ಕೆಳಗಿನ ಅಕ್ಷರಗಳು ಇರುವೆ ಸಾಲಿನಂಥ ಯಾವುದೋ ಲಿಪಿ. ಹಿಮದ ಬಯಲಿನ ಅಂಚಿನಲ್ಲಿ ಒಂದು ದೀಪಸ್ತಂಭ. ಅದರಲ್ಲೊಬ್ಬಳು ಹುಡುಗಿ ದಿನವೂ ದುರ್ಬೀನು ಹಿಡಿದು ದೂರ ನೋಡುತ್ತಾಳೆ. ಮೂರು ಕಂತು ಅದೇ. ನಾಲ್ಕನೆಯದರಲ್ಲಿ ಬಿಳಿಯ ಬಯಲ ಮೇಲೆ ಒಬ್ಬ ಮುದುಕ ಉಗಿ ಎಂಜಿನ್ ನಡೆಸಿಕೊಂಡು ಬರುತ್ತಾನೆ. ಹಳಿಗಳಿಲ್ಲ. ಹಿಂದೆ ದಾಟಿದ ಹಳಿಯನ್ನೇ ಕಿತ್ತು ತಂದು ಮುಂದೆ ಹಾಸುತ್ತಾನೆ, ಎಂಜಿನ್ ಹತ್ತಿ ನಾಲ್ಕು ಮಾರು ನಡೆಸುತ್ತಾನೆ, ಮತ್ತೆ ಇಳಿಯುತ್ತಾನೆ. ಆಮೇಲೆರಡು ಕಂತು ಹುಡುಗಿ. ಕೊನೆಯ ಕಂತಿನಲ್ಲಿ ಮುದುಕ ಎಂಜಿನ್ ನಿಲ್ಲಿಸಿ ತಲೆಯೆತ್ತಿ ಏನನ್ನೋ ನೋಡುತ್ತಾನೆ. ಅಲ್ಲಿಗೆ ಡಿಸ್ಕು ಮುಗಿಯಿತು.

“ಅವಳು ಕಾಯ್ತಿರೋದು ಇವನಿಗೇ. ತಾತ ಮೊಮ್ಮಗಳು” ಎಂದ ಕರಡಿ.

“ತಲೆ ಎತ್ತಿದನಲ್ಲ, ದೀಪ ಕಾಣಿಸ್ತು ಅಂತಾನಾ?”

“ಇನ್ನೇನು ಮತ್ತೆ?”

“ಮುಟ್ತಾನೇನೋ?” ಎಂದ ಗೋಡೆ. ಆಮೇಲೂ ಪ್ರತಿ ವರ್ಷ ಒಮ್ಮೆಯಾದರೂ ಇದನ್ನೇ ಕೇಳುತ್ತಿದ್ದ.

ಮುಂದಿನ ಡಿಸ್ಕಿಗೆ ಏಳೆಂಟು ತಿಂಗಳು ಅಲೆದರು. ಮಾರುವವನು ಪ್ರತಿ ಸಲವೂ, “ಬರುತ್ತೆ ಸಾರ್, ದಾರೀಲಿದೆ” ಅನ್ನುತ್ತಿದ್ದ. “ಎಂಜಿನ್‌ನಲ್ಲೇ ತರ್ತಿದ್ದಾನೆ ಅನ್ಸುತ್ತೆ” ಎಂದು ಗೋಡೆ ಗೊಣಗುತ್ತಿದ್ದ. ಕೊನೆಗೆ ಮೆಟ್ಟಿಲ ಕೆಳಗೆ ಛತ್ರಿ ರಿಪೇರಿಯವನು ಬಂದು ಕೂತ.

ಗೋಡೆ ಆಮೇಲೆ ನೂರಾರು ಸರಣಿ ನೋಡಿದ. ಮೆಚ್ಚಿದ್ದನ್ನು ಮೂರು ನಾಲ್ಕು ಸಲ ನೋಡಿದ, ಅವುಗಳ ಶುರುವಿನ ಹಾಡುಗಳನ್ನು ಗುನುಗುತ್ತ ಹಲ್ಲಿಗೆ ಹೊಳಪು ಕೊಟ್ಟ. ಆದರೆ ವಾಲ್‌ಪೇಪರ್ ಮಾಡಲು ಕೂತರೆ ಕೈ ತಿರುಗುತ್ತಿದ್ದದ್ದು ಆ ಹಳೆಯ ಡಿಸ್ಕಿನ ಕಡೆಗೇ. ಚಿತ್ರ ಓಡುವಾಗ ತಕ್ಕ ಗಳಿಗೆಯಲ್ಲಿ ನಿಲ್ಲಿಸುವುದು, ಕೆಳಗಿನ ಇರುವೆ ಸಾಲನ್ನು ಅಳಿಸಿ ಅದರ ಹಿಂದೇನಿದ್ದಿರಬಹುದು ಎಂದು ಊಹಿಸಿ ಬಿಡಿಸುವುದು, ಅಗಲ ಸಾಲದಿದ್ದರೆ ಆಕಾಶವನ್ನು ಎಳೆದು ಹೊಲಿಯುವುದು. ಪರದೆಯ ಎಡಗಡೆ ಜನ ಫೈಲುಗಳನ್ನು ಇಟ್ಟುಕೊಳ್ಳುತ್ತಾರಲ್ಲ, ಅಲ್ಲಿ ಬರೀ ಬಯಲು ಬಿಡಬೇಕು. ಒಂದು ತುದಿಗೆ ದೀಪಸ್ತಂಭ, ಇನ್ನೊಂದು ತುದಿಗೆ ಎಂಜಿನ್ನಿನ ಹೊಗೆ, ನಡುವೆ ಹಿಮ. ಇಂಥವು ಇಪ್ಪತ್ತು ಮೂವತ್ತಾದ ಮೇಲೆ ಅಭಿಮಾನಿಗಳು ಸೇರುವ ಒಂದು ತಾಣದಲ್ಲಿ ಹಾಕತೊಡಗಿದ. ಚಿತ್ರದ ಕೆಳಗೆ ಎರಡು ಸಾಲು ಬರೆಯುವುದಕ್ಕೆ ಅವನಿಗೆ ಧೈರ್ಯವಿರಲಿಲ್ಲ. ತನ್ನ ಪಾಸ್‌ವರ್ಡನ್ನು ಕರಡಿಗೆ ಕೊಟ್ಟು, “ತಪ್ಪಿದ್ರೆ ನೀನೇ ತಿದ್ದಿಬಿಡು, ನನ್ನ ಕೇಳಬೇಡ” ಅಂದ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಕರಡಿ ಹಾಗೆ ತಿದ್ದಲು ಹೋದಾಗ ಚಿತ್ರದ ಕೆಳಗೆ ಯಾರೋ ಬರೆದಿದ್ದರು: ಹುಡುಗಿ ಒಂದು ಸರಣಿಯವಳು, ಎಂಜಿನ್ ಬೇರೆ ಸರಣಿಯದು, ಎರಡಕ್ಕೂ ಹನ್ನೊಂದು ವರ್ಷದ ಅಂತರ. ಹುಡುಗಿ ಕಾಯುತ್ತಿರುವುದು ಹಡಗಿಗೆ. ಮುದುಕ ಸಾಗಿಸುತ್ತಿರುವುದು ಉಪ್ಪು. ಅವನ ಕಾಲಡಿ ಇರುವುದೂ ಉಪ್ಪೇ, ಹಿಮವಲ್ಲ. ಇವೆರಡನ್ನೂ ಕೂಡಿಸಿದ ಪುಣ್ಯಾತ್ಮ ಯಾರು?

ಎರಡು ಸರಣಿಗಳ ಹೆಸರೂ ಇತ್ತು. ಕರಡಿ ಹುಡುಕಿ ನೋಡಿದ. ನಿಜ. ಡಿಸ್ಕಿನವನು ಖಾಲಿ ಜಾಗಕ್ಕೆ ಕೈಗೆ ಸಿಕ್ಕ ಕಂತುಗಳನ್ನು ತುಂಬಿ ಕೊಟ್ಟಿದ್ದ, ಅಷ್ಟೇ. ತಾತ ಮೊಮ್ಮಗಳು ಎಂದು ಗಂಟು ಹಾಕಿದವನು ಮಾತ್ರ ತಾನೇ.

ಲೋಕದವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ಸುತ್ತಿ ತೋರಿಸುವುದೇ ಅವನ ಅನ್ನ. ಈ ತಪ್ಪನ್ನು ತೋರಿಸಲು ಕೈ ಬರಲಿಲ್ಲ. ಬೆಣ್ಣೆಯಿಂದ ಕೂದಲೆಳೆದಂತೆ ಆ ಅಪರಿಚಿತನ ಮಾತನ್ನು ಅಲ್ಲಿಂದ ತೆಗೆದು ಹಾಕಿದ.

ಒಂದು ಸಲ ಮಾಡಿದ್ದು ಅಲ್ಲಿಗೇ ನಿಲ್ಲಲಿಲ್ಲ. ಅಂಥ ಮಾತು ಮತ್ತೆ ಬಂತು, ಮತ್ತೆ ತೆಗೆದ. ಆರು ವರ್ಷದಲ್ಲಿ ಹನ್ನೊಂದು. ಪ್ರತಿದಿನ ಕೆಲಸ ಶುರು ಮಾಡುವ ಮೊದಲು ಆ ತಾಣಕ್ಕೊಮ್ಮೆ ಇಣುಕುವುದು ಹಲ್ಲುಜ್ಜಿದಷ್ಟೇ ಅಭ್ಯಾಸವಾಗಿಹೋಯಿತು. ಗೋಡೆಯ ಎದುರು ಕೂತಾಗ ಮಾತ್ರ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ. ಹಲ್ಲು ಕಟ್ಟುವವನ ಕಣ್ಣು ಬೇರೆ ಅವನದು. ನಮಗೆ ಬಿಳಿ ಅನ್ನಿಸುವ ಕಡೆ ಅವನಿಗೆ ಹದಿನಾರು ಬಿಳಿ ಕಾಣಿಸುತ್ತಿತ್ತು. ಒಂದು ಭಾನುವಾರ ಪರದೆಗೆ ಮೂಗು ತಾಗಿಸಿ ಕೇಳಿದ:

“ಲೋ ಕರಡಿ, ಹುಡುಗಿ ಕಡೆ ಹಿಮ ನೀಲಿ ಹೊಡೀತಿದೆ. ತಾತನ ಕಡೆ ಹಳದಿ. ಒಂದೇ ಬಯಲಿನ ಹಿಮ ಹಿಂಗಿರುತ್ತೇನೋ?”

“ತಾತನ ಕಡೆ ಬಿಸಿಲು ಜಾಸ್ತಿ ಇರಬೇಕು.”

ಗೋಡೆ ಅವನ ಮುಖವನ್ನೊಮ್ಮೆ ನೋಡಿ, “ಹ್ಞಾಂ, ಬಿಸಿಲು” ಅಂದ. ಆ ನೋಟದಲ್ಲಿ ಏನಿತ್ತು? ಕರಡಿ ಈಗ ಅದನ್ನು ಎಷ್ಟು ಸಲ ತಿರುವಿ ನೋಡಿದರೂ ಒಮ್ಮೆ ಏನೂ ಇರಲಿಲ್ಲವೆನ್ನಿಸುತ್ತದೆ, ಇನ್ನೊಮ್ಮೆ ಎಲ್ಲವೂ ಇತ್ತೆನ್ನಿಸುತ್ತದೆ.

ಶನಿವಾರ ಅಕ್ಕ ಬರಹೇಳಿದಳು. ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರದ ಮುಂದೆ ಕೂತಿದ್ದಳು, ಕೊರಳಲ್ಲಿ ಅಳತೆಯ ಟೇಪು. ಯಾರದೋ ಅಂಗಿಯ ತೋಳು ಅರ್ಧ ಹೊಲಿದಿತ್ತು.

“ಬಾ ಕರಡಿ. ಲ್ಯಾಬಿನವರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ರು. ಯಾರೋ ಅಜ್ಜಿಯ ಹಲ್ಲಿನ ಸೆಟ್ಟು ಅರ್ಧಕ್ಕೇ ನಿಂತಿದೆಯಂತೆ, ಬಣ್ಣದ ನಂಬರು ಇವನ ಕಂಪ್ಯೂಟರ್‌ನಲ್ಲಿದೆಯಂತೆ. ತಮ್ಮ ಹೋಗಿ ಮೂರು ದಿನ ಆಗಿಲ್ಲ ಕಣಪ್ಪ ಅಂದ್ರೆ, ‘ಹೌದಮ್ಮ, ಆದ್ರೆ ಅಜ್ಜಿ ಊಟ ಮಾಡಬೇಕಲ್ಲ’ ಅಂತಾರೆ.”

“ಅದೂ ಸರಿಯೇ ಅಕ್ಕ.”

“ಸರಿಯೇ ಅಂತೆ! ಇವನಿದ್ದಿದ್ರೂ ಅದನ್ನೇ ಅಂತಿದ್ದ. ಹೋಗು, ನೋಡು.”

ಕುರ್ಚಿಯ ಮೇಲೆ ಕೂರಲು ಮನಸ್ಸಾಗದೆ ಕರಡಿ ನಿಂತೇ ಕಂಪ್ಯೂಟರ್ ತೆರೆದ. ಅಜ್ಜಿಯ ನಂಬರು ಐದು ನಿಮಿಷದಲ್ಲಿ ಸಿಕ್ಕಿತು. ಅದರ ಪಕ್ಕದಲ್ಲೇ ಎರಡು ಫೋಲ್ಡರುಗಳಿದ್ದವು. ಎರಡರ ಹೆಸರೂ ಅವನಿಗೆ ಬಾಯಿಪಾಠ. ಹನ್ನೊಂದು ಸಲ ಅಳಿಸಿದ ಹೆಸರುಗಳು. ಒಂದರಲ್ಲಿ ಹುಡುಗಿಯ ಸರಣಿ, ಇನ್ನೊಂದರಲ್ಲಿ ಎಂಜಿನ್ನಿನದು, ಮೊದಲಿನಿಂದ ಕೊನೆಯವರೆಗೆ. ಪ್ರತಿ ಕಂತಿನ ಪಕ್ಕದಲ್ಲೂ ನೋಡಿ ಮುಗಿಸಿದ ಗುರುತು. ತಾರೀಕು ನಾಲ್ಕು ವರ್ಷ ಹಿಂದಿನದು.

“ಅಕ್ಕ, ಈ ಕಂಪ್ಯೂಟರ್ ತಗೊಂಡು ಎಷ್ಟು ವರ್ಷ ಆಯ್ತು?”

“ನಾಲ್ಕು. ಯಾಕೆ?”

ಹಾಗಾದರೆ ಆ ತಾರೀಕನ್ನೂ ನಂಬುವಂತಿಲ್ಲ. ಹಳೆಯದರಿಂದ ಹೊಸದಕ್ಕೆ ಸಾಗಿಸಿದ ದಿನವಿರಬಹುದು. ನಾಲ್ಕು ವರ್ಷದಿಂದ ಗೊತ್ತಿತ್ತೋ, ಹತ್ತು ವರ್ಷದಿಂದಲೋ? ಮಿಂಚಂಚೆ ತೆರೆದ. ತಾಣದಲ್ಲಿ ಯಾರೇನು ಬರೆದರೂ ಅದರ ನಕಲು ಗೋಡೆಯ ಅಂಚೆಗೆ ತಾನಾಗಿ ಬಂದು ಬೀಳುತ್ತಿತ್ತೆಂಬುದು ಕರಡಿಗೆ ಆಗ ತಿಳಿಯಿತು. ತಾನು ಅಳಿಸಿದ ಹನ್ನೊಂದೂ ಅಲ್ಲಿ ಸಾಲಾಗಿದ್ದವು. ಹನ್ನೊಂದನ್ನೂ ಗೋಡೆ ತೆರೆದು ಓದಿದ್ದ.

ಬರೆದವರೇ ತೆಗೆದುಕೊಂಡರು ಅಂದುಕೊಂಡನೇ? ಪಾಸ್‌ವರ್ಡ್ ಇರುವುದು ಇಬ್ಬರ ಹತ್ತಿರ ಮಾತ್ರ. ಅಷ್ಟು ದಡ್ಡನಲ್ಲ ಅವನು. ಗೊತ್ತಿದ್ದೂ ಬಿಸಿಲು ಅಂದನೇ? ಗೊತ್ತಿದ್ದೂ ಪ್ರತಿ ವರ್ಷ ‘ಮುಟ್ತಾನೇನೋ’ ಎಂದು ಕೇಳಿದನೇ? ತನ್ನನ್ನು ಪರೀಕ್ಷಿಸಿದನೋ, ತನಗೆ ಸಮಾಧಾನ ಮಾಡಿದನೋ, ಇಲ್ಲ ಒಳಗೊಳಗೇ ನಕ್ಕನೋ? ಕರಡಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು.

“ಅವನಿಗೆ ನನ್ನ ಮೇಲೆ ಏನಾದ್ರೂ ಬೇಜಾರಿತ್ತಾ ಅಕ್ಕ?”

“ನಿನ್ನ ಮೇಲಾ? ಬುಧವಾರ ಊಟಕ್ಕೆ ಕೂತಾಗ್ಲೂ ‘ಈ ವಾರ ಕರಡಿ ಮುಖ ತೋರಿಸಿಲ್ಲ’ ಅಂತಿದ್ದ. ಯಾಕೆ, ಏನು ಮಾಡಿದ್ದೆ?”

“ಏನಿಲ್ಲ.”

“ಏನಿಲ್ಲ ಅನ್ನೋ ಮುಖ ಅಲ್ಲ ಇದು. ಹೋಗಲಿ ಬಿಡು. ಬಾಗಿಲು ಹಾಕ್ಕೊಂಡು ಅವನು ಏನು ನೋಡ್ತಿದ್ದ, ಏನು ಬಿಡ್ತಿದ್ದ, ನಂಗೂ ಒಂದೂ ಅರ್ಥ ಆಗಿಲ್ಲ.”

ಆ ವಾರ ಮುದ್ರಣಾಲಯದಲ್ಲಿ ಪಠ್ಯಪುಸ್ತಕಗಳ ಕೆಲಸ ಮೈಮೇಲೆ ಬಿದ್ದಿತ್ತು. ಸೋಮವಾರದಿಂದ ಕರಡಿ ತಾಣದ ಕಡೆ ತಲೆ ಹಾಕಿರಲಿಲ್ಲ. ಈಗ ತೆರೆದ. ಬುಧವಾರ ಯಾರೋ ಕೇಳಿದ್ದರು: ಈ ಹುಡುಗಿಯೂ ಈ ಮುದುಕನೂ ಒಟ್ಟಿಗಿರುವ ಸರಣಿಯನ್ನು ವರ್ಷದಿಂದ ಹುಡುಕುತ್ತಿದ್ದೇನೆ, ಎಲ್ಲೂ ಇಲ್ಲ. ಹೆಸರೇನು, ಎಲ್ಲಿ ಸಿಗುತ್ತದೆ?

ಕರಡಿಯ ಕೈಗೆ ಮೊದಲು ಸಿಕ್ಕಿದ್ದರೆ ಇದೂ ಉಳಿಯುತ್ತಿರಲಿಲ್ಲ. ಕೆಳಗೆ ಗೋಡೆಯ ಉತ್ತರವಿತ್ತು. ತಿದ್ದಲು ಯಾರಿಗೂ ಕೊಡದೆ ತಾನೇ ಬರೆದದ್ದು, ಗುರುವಾರ ಬೆಳಿಗ್ಗೆ ಎಂಟು ಹತ್ತಕ್ಕೆ.

ಒಂದೇ ಹೆಸರಲ್ಲಿ ಸಿಗಲ್ಲ, ಎಂದು ಶುರುಮಾಡಿದ್ದ. ಎರಡು ಸರಣಿಗಳ ಹೆಸರು ಕೊಟ್ಟಿದ್ದ. ಹುಡುಗಿಯದರಲ್ಲಿ ಮೊದಲ ಮೂರು ಕಂತು ನೋಡಿ. ಆಮೇಲೆ ಎಂಜಿನ್ನಿನದರಲ್ಲಿ ಏಳನೆಯದು. ಮತ್ತೆ ಹುಡುಗಿಯ ನಾಲ್ಕು, ಐದು. ಕೊನೆಗೆ ಎಂಜಿನ್ನಿನ ಎಂಟನೆಯದು. ಅಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ಇನ್ನೊಂದು ವರ್ಷ ಮುಟ್ಟಬೇಡಿ. ಕೆಳಗಿನ ಅಕ್ಷರಗಳನ್ನು ಹಾಕಿಕೊಳ್ಳಬೇಡಿ. ಒಬ್ಬರೇ ನೋಡಬೇಡಿ, ಅರ್ಥ ಹೇಳುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಹೇಳುವುದು ತಪ್ಪಾದರೂ ಪರವಾಗಿಲ್ಲ.

ಕರಡಿ ಅದನ್ನು ಎರಡು ಸಲ ಓದಿದ. ಮೂರನೆಯ ಸಲ ಕಣ್ಣು ಅಭ್ಯಾಸದಂತೆ ತಪ್ಪು ಹುಡುಕಿಕೊಂಡು ಹೋಯಿತು. ಒಂದಿತ್ತು. ಎರಡು ಸರಣಿಗಳನ್ನೂ ಕರಡಿ ಗುಟ್ಟಾಗಿ ನೋಡಿದ್ದ. ಮುದುಕ ತಲೆಯೆತ್ತಿ ನೋಡುವುದು ಎಂಟನೆಯ ಕಂತಿನಲ್ಲಲ್ಲ.

ಅದಕ್ಕೂ ಕೆಳಗೆ, ಎಂಟು ಇಪ್ಪತ್ತೆರಡರ ಗುರುತಿನೊಂದಿಗೆ, ಇನ್ನೊಂದು ಸಾಲಿತ್ತು. ಬೂಟು ಹಾಕಿಕೊಳ್ಳಲೆಂದು ಒಂದು ಕಾಲುಚೀಲ ಎಳೆದುಕೊಂಡವನು ಏನೋ ನೆನಪಾಗಿ ಮತ್ತೆ ಪರದೆಯ ಕಡೆ ತಿರುಗಿರಬೇಕು. ಕ್ಷಮಿಸಿ, ಎಂಟಲ್ಲ, ಒಂಬತ್ತು, ಎಂದು ಗೋಡೆ ಬರೆದಿದ್ದ.