ಗುಂಡಿ ಮೇಷ್ಟ್ರ ಹತ್ತು

ಒಂದನೇ ಕ್ಲಾಸಿನ ಮೇಷ್ಟ್ರಿಗೆ ಜನ ಇಟ್ಟ ಹೆಸರು ಗುಂಡಿ ಮೇಷ್ಟ್ರು. ಹೆಂಡತಿ ದರ್ಜಿ, ಗಂಡ ಕಳ್ಳ. ಅವಳು ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದರೆ ಇವರು ಚಹಾ ಲೋಟ ಹಿಡಿದು ಹಿಂದೆ ಸುಳಿದಾಡುವುದು, ಗುಂಡಿ ಡಬ್ಬಿಯೊಳಗೆ ಎರಡು ಬೆರಳು ಇಳಿಸುವುದು. ಸ್ಕೂಲಿಗೆ ಹೊರಟಾಗ ಜೇಬು ಗಲಗಲ ಅನ್ನುತ್ತಿತ್ತು.

"ರೀ, ಜೇಬಲ್ಲೇನು?"

"ಲೆಕ್ಕ ಕಣೇ."

ಸುಳ್ಳಲ್ಲ, ಲೆಕ್ಕವೇ. ಮಕ್ಕಳು ಗುಂಡಿಗಳನ್ನು ನೆಲಕ್ಕೆ ಸುರಿದು ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಒಂದು ಕಡೆ ಮಾಡಬೇಕು. ಆಮೇಲೆ ಎಣಿಸಬೇಕು. ಹತ್ತು ಚಿಕ್ಕವನ್ನು ಕೊಟ್ಟರೆ ಒಂದು ದೊಡ್ಡದು ಸಿಗುತ್ತದೆ. ದೊಡ್ಡದು ಅಂದರೆ ಹತ್ತು. ಅದು ಬೇಕಾದವರು ಯಾರೇ ಆಗಲಿ, ಹೆಡ್ಮಿಸ್ಸೇ ಆಗಲಿ, ಹತ್ತು ಎಣಿಸಿ ಇಡಬೇಕು. ಮೇಷ್ಟ್ರ ಕ್ಲಾಸಿನಲ್ಲಿ ಇದ್ದದ್ದು ಅದೊಂದೇ ಕಾನೂನು.

ಬರವಣಿಗೆ ಪಾಠವಂತೂ ಕೇಳಬೇಡಿ. ಪೆನ್ಸಿಲ್ ಹಿಡಿಯುವ ಮುಂಚೆ ಅಕ್ಷರ ಮೈಗೆ ಹತ್ತಬೇಕು ಅನ್ನುವುದು ಅವರ ವಾದ. ಅದಕ್ಕೆ ಮಕ್ಕಳೆಲ್ಲ ಗೋಡೆ ಕಡೆ ಮುಖ ಮಾಡಿ ಕುಂಡಿಯಿಂದ ಗಾಳಿಯಲ್ಲಿ ಅಕ್ಷರ ಬರೆಯುವುದು. ಮುಂದೆ ನಿಂತು ಮೇಷ್ಟ್ರೂ ಬರೆಯುವುದು. ಒಬ್ಬ ತಾಯಿ ಕೆಂಡವಾಗಿ ಬಂದಳು.

"ನೆಂಟರ ಮುಂದೆ ತಿರುಗಿ ನಿಂತು ಕುಂಡಿ ಕುಣಿಸ್ತಾನೆ ಸಾರ್! ಮಾನ ಹೋಯ್ತು."

"ಏನು ಬರೆದ?"

"ನನಗೇನು ಗೊತ್ತು?"

"ಕೇಳ್ಕೊಂಡು ಬನ್ನಿ ತಾಯಿ. ತಪ್ಪಿದ್ರೆ ನಾನು ತಿದ್ದಿಸ್ತೀನಿ."

ಇನ್ನೊಂದು ಆಟ ಬೆನ್ನಿನದು. ಹಿಂದಿನವರು ಮುಂದಿನವರ ಬೆನ್ನ ಮೇಲೆ ಬೆರಳಲ್ಲಿ ಅಕ್ಷರ ಬರೆಯಬೇಕು. ಸರಿಯಾಗಿ ಹೇಳಿದವರಿಗೆ ಒಂದು ಗುಂಡಿ. ಇದನ್ನು ಮೇಷ್ಟ್ರು ಮನೆಯಲ್ಲಿ ಹೆಂಡತಿಯ ಬೆನ್ನ ಮೇಲೂ ನಡೆಸುತ್ತಿದ್ದರು. ಅವಳು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ನೇರ ಹೊಲಿಗೆ ಹಾಕುತ್ತಿರುವಾಗಲೇ ಹಿಂದಿನಿಂದ ಒಂದು ದೊಡ್ಡ ಸುತ್ತು, ನಡುವೆ ಒಂದು ಚುಚ್ಚು.

"ಯಾವಕ್ಷರ, ಹೇಳು."

"ಕೈ ತೆಗೀರಿ, ಹೊಲಿಗೆ ಸೊಟ್ಟಗಾಯ್ತು."

"ಠ ಕಣೇ. ಗುಂಡಿ ಥರಾನೇ ಇಲ್ವಾ? ಪಾಪ, ಇದಕ್ಕೆ ಕೆಲಸಾನೇ ಕಡಿಮೆ. ಅಕ್ಷರಮಾಲೆಯಲ್ಲಿ ಸುಮ್ಮನೆ ಕೂತಿರುತ್ತೆ."

"ನಿಮ್ ಥರ."

ಅವಳು ಒಂದು ಸಲವೂ ಉತ್ತರ ಹೇಳಲಿಲ್ಲ. ಅವರು ಒಂದು ಸಲವೂ ಬಿಡಲಿಲ್ಲ.

ಒಂದು ಬೆಳಿಗ್ಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಚ್ಚಲಿಗೆ ಹೊರಟವರು ಹೊಸಿಲ ಮೇಲೆ ಕೂತರು. ಏಳಲಿಲ್ಲ. ಒಲೆ ಮೇಲೆ ನೀರು ಕುದಿಯುತ್ತಲೇ ಇತ್ತು.

ಬಂದವರೆಲ್ಲ ದೇವರಂಥ ಮನುಷ್ಯ ಅಂದರು. ದೇವರು ಹೆಂಡತಿಯ ಡಬ್ಬಿಗೆ ಕೈ ಹಾಕುತ್ತಾನಾ? ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಜನ ಹೋದ ಮೇಲೆ ಗೂಟದಲ್ಲಿದ್ದ ಅವರ ಶರ್ಟನ್ನು ತನ್ನ ಬಟ್ಟೆಯ ಮೇಲೇ ಹಾಕಿಕೊಂಡು ಮಿಷನ್ ಮುಂದೆ ಕೂತಳು. ತೆಗೆಯಲೇ ಇಲ್ಲ. ಬೆವರಿನ ವಾಸನೆ ಇತ್ತು. ಇರಲಿ ಅಂದುಕೊಂಡಳು.

ಕೈಯಲ್ಲಿದ್ದ ಕೆಲಸ ಒಂದೇ. ಬ್ಯಾಂಡಿನಲ್ಲಿ ತುತ್ತೂರಿ ಊದುವವನ ಕೋಟು. ಅಸ್ತರು ಬದಲಾಯಿಸಲು ಮೇಷ್ಟ್ರು ಇದ್ದಾಗಲೇ ಕೊಟ್ಟಿದ್ದ. ಈಗ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಇಂಥ ಹೊತ್ತಲ್ಲಿ ಕೇಳಬಾರದು ಅಕ್ಕಾ. ನಾಳೆ ಬೆಳಿಗ್ಗೆ ಬೇಕು. ಇದು ಚೆನ್ನಾಗಾದ್ರೆ ಇಡೀ ಬ್ಯಾಂಡಿನ ಕೋಟು ನಿಮಗೇ. ಇಲ್ದಿದ್ರೆ ಮಾರ್ಕೆಟ್ಟಿನವನ ಹತ್ರ ಹೋಗ್ಬೇಕಾಗುತ್ತೆ."

"ಹೋಗೋದೇನೂ ಬೇಡ. ನಾಳೆ ಬಾ."

ಇನ್ನು ಅವಳ ಹೊಟ್ಟೆಗೆ ಆ ಮಿಷನ್ನೇ ಗತಿ. ಅಸ್ತರು ಕೂರಿಸಿ, ಇಸ್ತ್ರಿ ಎಳೆದು, ಗುಂಡಿ ಹಾಕಲು ನೋಡಿದರೆ ನಡುವಿನದು ಇಲ್ಲ. ತುತ್ತೂರಿ ಕೆತ್ತಿದ ದೊಡ್ಡ ಕರೀ ಗುಂಡಿ, ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ದಾರ ಹಿಂಜಿರಲಿಲ್ಲ, ಯಾರೋ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದರು. ಯಾರ ಕೈ ಅಂತ ಕೇಳಬೇಕಿರಲಿಲ್ಲ.

"ಹೋಗೋವಾಗಲೂ ಕೈ ಕೊಟ್ಟು ಹೋದ್ರಲ್ರೀ!" ಅಂತ ಖಾಲಿ ಗೂಟಕ್ಕೆ ಬೈದಳು. ಕೊರಳಲ್ಲಿ ಕತ್ತರಿ ನೇತಾಡುತ್ತಿದ್ದ ಹಾಗೇ ಸ್ಕೂಲಿಗೆ ಓಡಿದಳು.

ಒಂದನೇ ಕ್ಲಾಸಿನಲ್ಲಿ ಹೆಡ್ಮಿಸ್ಸೇ ಕೂತಿದ್ದರು, ಉದ್ದ ಕೋಟು ಹಾಕಿಕೊಂಡು, ಮುಖ ಸಿಂಡರಿಸಿಕೊಂಡು. ಮೂಲೆಯಲ್ಲಿ ಕ್ಲಾಸಿನ ಗುಂಡಿ ಡಬ್ಬಿ ತೊಡೆ ಮೇಲಿಟ್ಟುಕೊಂಡು ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ. ಡಬ್ಬಿಯ ಜವಾಬ್ದಾರಿ ಮೇಷ್ಟ್ರು ಅವಳಿಗೆ ಕೊಟ್ಟಿದ್ದರು. ಅವಳ ಹೆಸರೇ ಡಬ್ಬಿರಾಣಿ ಆಗಿತ್ತು.

"ತುತ್ತೂರಿ ಇರೋ ಗುಂಡಿ ಕೊಡು ಮರಿ. ಅದು ನಂದು."

"ಅದು ನಮ್ಮ ಹತ್ತು," ಅಂದಳು ಡಬ್ಬಿರಾಣಿ. "ಹತ್ತು ಚಿಕ್ಕವು ಕೊಡಿ."

"ಅಯ್ಯೋ, ಕೊಡೇ ಪುಟ್ಟಿ," ಅಂದರು ಹೆಡ್ಮಿಸ್ಸು. "ಪಾಪ, ಅವರು ಕಷ್ಟದಲ್ಲಿದ್ದಾರೆ."

"ಕಷ್ಟ ಇದ್ರೂ ಹತ್ತೇ ಮಿಸ್!" ಕ್ಲಾಸಿಗೆ ಕ್ಲಾಸೇ ಕೂಗಿತು.

ಪಾಪ ಅನ್ನುವ ಮಾತು ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು. ಪಾಪ ಅನ್ನದವರು ಈ ಮಕ್ಕಳೇ ಮೊದಲು. ಅವಳು ನೆಲಕ್ಕೆ ಕೂತಳು. ಮೈಮೇಲಿನ ಶರ್ಟು ನೋಡಿಕೊಂಡಳು. ಒಂದು ಗಳಿಗೆ ಕೈ ನಿಂತಿತು. ಆಮೇಲೆ ಕತ್ತರಿ ಹಾಕಿದಳು. ಕಾಲರಿನಿಂದ ಕೆಳಗಿನವರೆಗೆ ಒಂದೊಂದೇ ಗುಂಡಿ ಬೀಳುತ್ತಾ ಹೋಯಿತು, ಮಕ್ಕಳು ಗಟ್ಟಿಯಾಗಿ ಎಣಿಸುತ್ತಾ ಹೋದರು. ಮುಂದೆ ಏಳು. ತೋಳಿನವು ಸೇರಿ ಒಂಬತ್ತು. ಒಳಗಡೆ ಅಂಚಿನಲ್ಲಿ ಹೆಚ್ಚಿನದೊಂದು ಇರಬೇಕಲ್ಲ ಅಂತ ತಿರುಗಿಸಿದಳು. ಬರೀ ದಾರ.

"ಅದನ್ನ ಸಾರ್ ಆಗ್ಲೇ ತಂದ್ಕೊಟ್ರು," ಅಂದಳು ಡಬ್ಬಿರಾಣಿ. "ಅದು ಲೆಕ್ಕಕ್ಕಿಲ್ಲ."

"ನಿಮ್ಮ ಸಾರು ನನ್ನ ಉದ್ಧಾರ ಮಾಡ್ಬಿಟ್ರು. ಒಂದು ಬಿಟ್ಬಿಡೇ."

"ಒಂಬತ್ತು ಹತ್ತಾಗಲ್ಲ." ಹುಡುಗಿ ಮೂಗು ಒರೆಸಿಕೊಂಡು ಯೋಚಿಸಿದಳು. "ತಿರುಗಿ. ಅಕ್ಷರ ಹೇಳಿದ್ರೆ ಒಂದು ಸಿಗುತ್ತೆ."

ಅವಳು ತಿರುಗಿ ಕೂತಳು. ಪುಟ್ಟ ಬೆರಳು ಶರ್ಟಿನ ಮೇಲೆ ಒಂದು ಸುತ್ತು ಹೊಡೆಯಿತು. ನಿಂತಿತು. ನಡುವೆ ಒಂದು ಚುಚ್ಚು.

ಅವಳು ಶರ್ಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹೆಡ್ಮಿಸ್ಸು ಎದ್ದು ಬಂದರು. ಬೇಡ ಅಂತ ಕೈ ಆಡಿಸಿದಳು.

"ಠ," ಅಂದಳು.

"ಗಟ್ಟಿಯಾಗಿ!"

"ಠ ಕಣೇ, ಠ! ಕೆಲಸಕ್ಕೆ ಬಾರದ ಠ!" ಆಮೇಲೆ ಅಲ್ಲೇ, ಅಷ್ಟು ಮಕ್ಕಳ ಮುಂದೆ, ಬಾಯಿ ಬಿಟ್ಟು ಅತ್ತಳು. ಮಕ್ಕಳು ಬಾಯಿ ಮುಚ್ಚಿಕೊಂಡು ಕಾದರು. ಮುಗಿದ ಮೇಲೆ ಡಬ್ಬಿರಾಣಿ ತುತ್ತೂರಿ ಗುಂಡಿಯನ್ನು ಅವಳ ಅಂಗೈಗೆ ಹಾಕಿದಳು.

"ಈಗ ನಮಗೆ ಹತ್ತೇ ಇಲ್ಲ. ದೊಡ್ಡದು ಇನ್ನೊಂದು ತನ್ನಿ. ಸಾರ್ ತರ್ತಿದ್ರು."

"ಎಲ್ಲಿಂದ ತರ್ತಿದ್ರು ಅಂತ ಗೊತ್ತೇನೇ?"

"ಲೆಕ್ಕದಿಂದ."

ಅವಳು ಸೊರಸೊರ ಮೂಗೆಳೆದುಕೊಂಡು ಮನೆಗೆ ಹೋದಳು, ಗುಂಡಿಯಿಲ್ಲದ ಶರ್ಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು. ಬೆಳಿಗ್ಗೆ ತುತ್ತೂರಿಯವನು ಕೋಟು ಹಾಕಿ, ಗುಂಡಿ ಹಾಕಿ, ಬಾಗಿಲಲ್ಲೇ ಒಂದು ಸಲ ಪೋಂ ಅನ್ನಿಸಿದ. ನಾಯಿಗಳು ಬೊಗಳಿದವು. ಸಂಜೆ ಹೊತ್ತಿಗೆ ಉಳಿದ ಕೋಟುಗಳು ಬಂದು ಬಿದ್ದವು. ಅವುಗಳ ಗುಂಡಿಗೆ ಅವಳು ಕೈ ಹಚ್ಚುವಂತಿರಲಿಲ್ಲ. ಅನ್ನದ ಕೋಟು ಅವು.

ವಾರದ ಮೇಲೆ ಹೆಡ್ಮಿಸ್ಸು ಬಂದರು. ಕೋಟಿನ ತೋಳು ಉದ್ದವಾಯಿತಂತೆ, ಸ್ವಲ್ಪ ಮಡಿಸಿ ಹೊಲಿಯಬೇಕಂತೆ.

ಅವಳು ಕೋಟನ್ನು ಮಡಿಲಿಗೆ ಎಳೆದುಕೊಂಡಳು. ಸಾಲಾಗಿ ಕಂದು ಗುಂಡಿಗಳು, ಒಂದೊಂದೂ ಬಿಸ್ಕತ್ತಿನಷ್ಟು ಅಗಲ.

"ಕೆಳಗಿನದು ಸಡಿಲ ಇದೆ ಮಿಸ್," ಅಂದಳು. "ಬಿದ್ದು ಗಿದ್ದು ಹೋದೀತು."

"ಗಟ್ಟಿಯಾಗೇ ಇತ್ತಲ್ಲಮ್ಮಾ?"

"ಇಲ್ಲ ಇಲ್ಲ. ಸಡಿಲ ಇದೆ," ಅಂದಳು, ಕತ್ತರಿ ತೆಗೆದುಕೊಳ್ಳುತ್ತಾ. "ಬಿಟ್ಟು ಹೋಗಿ."