ಒಂದೇ ರಾಗದ ಅಳು

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುತ್ತಿರಲಿಲ್ಲ, ಹಾಡಿಕೊಂಡು ಅಳುತ್ತಿದ್ದರು. ರಾಗ ಎಲ್ಲರಿಗೂ ಒಂದೇ. ಮೇಲೆ ಶುರುವಾಗಿ, ಎಡವಿದ ಹಾಗೆ ಇಳಿದು, ಕೆಳಗೆ ಕುಸಿದು ಕೂರುವ ರಾಗ. ಬಂದವರು ಕೇಳಿಕೊಂಡು ಹೋಗುವಾಗ, ಊಟದ ಮನೆಯಿಂದ ಬಂದವರು ಸಾರಿನ ರುಚಿ ಹೇಳುವಂತೆ, ಅಳುವಿನ ರುಚಿ ಹೇಳುತ್ತಿದ್ದರು.

ನಿಮ್ಮ ತಾತ ತೀರಿಕೊಂಡಾಗ ನನಗೆ ಅದು ಬರಲಿಲ್ಲ. ನಾಲ್ಕು ಜನರ ಮುಂದೆ ನನ್ನ ಬಾಯಿ ಏಳುತ್ತಿರಲಿಲ್ಲ. ಬಾವಿಯ ಹತ್ತಿರ ಒಬ್ಬಳೇ ಇದ್ದಾಗ ಎಷ್ಟು ಅತ್ತೆನೋ, ಅದು ಲೆಕ್ಕಕ್ಕಿಲ್ಲ.

ನಿಮ್ಮ ತಾತನ ತಾಯಿ, ನನ್ನ ಅತ್ತೆ, ಮೂಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಗಂಡನಿಗೇ ನೀರು ಬರದ ಕಣ್ಣು, ಮಗೂಗೆ ಬಂದಾತಾ? ತಿಥಿ ಆಗ್ಲಿ, ಇವ್ಳು ಗೌರಿಬಿದನೂರ್ ಕಡೆ ತವರಿಗೆ ಹೋಗ್ಲಿ. ಹುಡ್ಗ ನಮ್ಮನೇದು, ಇಲ್ಲೇ ಇರ್ತಾನೆ."

ಆ ಹುಡುಗ ನಿಮ್ಮ ಅಪ್ಪ. ಇನ್ನೂ ವರ್ಷ ತುಂಬಿರಲಿಲ್ಲ. ಆಗಲೇ ಅವನನ್ನು ಮಕ್ಕಳಿಲ್ಲದ ನನ್ನ ವಾರಗಿತ್ತಿಯ ಸೊಂಟಕ್ಕೆ ಏರಿಸಿದ್ದರು. ಅವನು ಪಕ್ಕದ ಕೋಣೆಯಲ್ಲಿ ಅತ್ತರೆ ಇಲ್ಲಿ ನನ್ನ ಕುಪ್ಪಸ ನೆನೆಯುತ್ತಿತ್ತು. ಎದ್ದರೆ ಅತ್ತೆ ಸೆರಗು ಹಿಡಿದು ಕೂರಿಸುತ್ತಿದ್ದರು. ಮಗು ಯಾರ ಹತ್ತಿರ ಇರಬೇಕೆಂದು ತಿಥಿಯ ದಿನ ಊರ ಹಿರಿಯರು ತೀರ್ಮಾನ ಮಾಡುವವರು, ಮತ್ತು ಅವರ ಕಿವಿಗೆ ಬೀಳುವುದು ಅಳು ಕೇಳಿದ ಹೆಂಗಸರ ಮಾತೇ.

ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ಬಸ್ಸು ನಮ್ಮೂರ ಗೇಟಿನಲ್ಲಿ ನಿಲ್ಲುತ್ತಿತ್ತು. ಬಸ್ಸು ಬಂತೆಂದರೆ ನೆಂಟರು ಬಂದರು, ನೆಂಟರು ಬಂದರೆ ಅಳು ಮೊದಲಿನಿಂದ ಶುರುವಾಗಬೇಕು. ನಾನು ಧೈರ್ಯ ಮಾಡಿ ಬಾಯಿ ತೆರೆದೆ. "ನನ್ನ ದೊರೆಯೇ, ಯಾರಿಗೆ ಒಪ್ಪಿಸಿ ಹೋದೆಯೋ." ಮತ್ತೆ ಅದೇ. ಮತ್ತೆ ಅದೇ. ನನಗೆ ಬೇರೆ ಹೊಳೆಯಲಿಲ್ಲ. ಎದುರಿಗಿದ್ದ ಒಬ್ಬಳು ಆಕಳಿಸಿದಳು. ಇನ್ನೊಬ್ಬಳು ಎಲೆಅಡಿಕೆ ಚೀಲ ಬಿಚ್ಚಿ, ರೇಷ್ಮೆ ಹುಳಕ್ಕೆ ಸೊಪ್ಪು ಸಾಲುತ್ತಿಲ್ಲ ಎಂದು ಪಕ್ಕದವಳಿಗೆ ಹೇಳತೊಡಗಿದಳು.

"ಗ್ರಾಮಫೋನ್ ಪ್ಲೇಟು ಸಿಕ್ಕಾಕ್ಕೊಂಡಂಗೈತೆ ಕಣೇ," ಎಂದಿತು ಹಿಂದಿನ ಒಂದು ದನಿ. ನಕ್ಕರು. ಸಾವಿನ ಮನೆಯಲ್ಲಿ ನಕ್ಕರು. ಅತ್ತೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ನಿಮ್ಮ ತಾತನ ಸೋದರತ್ತೆಯೊಬ್ಬರು ಶಿಡ್ಲಘಟ್ಟದಿಂದ ಬಂದಿದ್ದರು. ಅಳುವುದರಲ್ಲಿ ಅವರದು ಸುತ್ತಮುತ್ತ ಹೆಸರಾದ ಗಂಟಲು. ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ತೊಡೆಯ ಮಾಂಸ ಕಿತ್ತು ಬರುವಂತೆ ಚಿವುಟಿದರು.

"ಏನಮ್ಮಾ, ಸತ್ತೋನ್ಗೂ ಬೇಜಾರಾಗೋ ಹಂಗೆ ಅಳ್ತೀಯ?"

"ಬೇರೆ ರಾಗ ಎತ್ತಲಾ?"

"ಥೂ. ರಾಗ ಮುಟ್ಬೇಡ. ಕೊನೆ ಮಾತೂ ಮುಟ್ಬೇಡ. ಅಲ್ಲಿಗೇ ಬಂದು ಬೀಳ್ತಾಳೆ ಅಂತ ಅವ್ರಿಗೆ ಗೊತ್ತಿರ್ಬೇಕು. ಪ್ರತಿ ಸಲ ಅದಕ್ಕೆ ಮುಂಚೆ ಒಂದು ಮಾತು ಬದಲಾಯ್ಸು, ಒಂದೇ. ಎರಡು ಹಾಕಿದ್ಯೋ, ಅಳು ಹೋಗಿ ಹರಿಕಥೆ ಆಗ್ತದೆ. ಆಮೇಲೆ ಉಸಿರು ಎಳ್ಕೊಳೋ ಜಾಗದಲ್ಲಿ ತಡಿ. ಮುಂದೇನು, ಮುಂದೇನು ಅಂತ ಕಾದು ಸಾಯ್ಲಿ."

"ಮುಂಚೆ ಏನ್ ಹಾಕ್ಲಿ?"

"ನಿಂಗೆ ಗೊತ್ತಿರೋದು ಹಾಕು. ಅಳೋಳ ಬಾಯಿ ಮುಚ್ಸೋ ಹಂಗಿಲ್ಲ, ಯಾರೂ ಮುಚ್ಸಲ್ಲ."

ಮಧ್ಯಾಹ್ನದ ಬಸ್ಸಿನಲ್ಲಿ ಮಂಡಿಕಲ್ ಕಡೆಯ ಹೆಂಗಸರು ಬಂದರು. ಹೊಸಬರು ಬಂದಾಗ ಅತ್ತೆ ಸೊಸೆ ತಬ್ಬಿಕೊಂಡು, ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅಳುವುದು ಪದ್ಧತಿ. ಅತ್ತೆ ನನ್ನನ್ನು ತಬ್ಬಿಕೊಂಡರು. ಅವರ ಕಿವಿ ನನ್ನ ಬಾಯಿಗೆ ತಾಗುತ್ತಿತ್ತು. ಯಾರ ಮುಖವೂ ನನಗೆ ಕಾಣುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು.

"ಹೊಟ್ಟೆ ಹಿಡಕೊಂಡು ಹೊರಳಿದೆಯಲ್ಲೋ ನನ್ನ ದೊರೆಯೇ, ಯಾರಿಗೆ ಒಪ್ಪಿಸಿ ಹೋದೆಯೋ."

ತಡೆದೆ. ಎಲೆಅಡಿಕೆಯ ಸದ್ದು ನಿಂತಿತು.

"ಆಸ್ಪತ್ರೆಗೆ ಬಂಡಿ ಕಟ್ಟಿ ಅಂದೆಯಲ್ಲೋ ನನ್ನ ದೊರೆಯೇ, ಯಾರಿಗೆ ಒಪ್ಪಿಸಿ ಹೋದೆಯೋ."

"ಎತ್ತು ಕಣದಲ್ಲಿ ರಾಗಿ ತುಳೀತಿದ್ದವಲ್ಲೋ ನನ್ನ ದೊರೆಯೇ, ಯಾರಿಗೆ ಒಪ್ಪಿಸಿ ಹೋದೆಯೋ."

ಹೆಂಗಸರು ಮುಂದೆ ಸರಿದು ಕೂತರು. ಚಾಪೆ ಉಜ್ಜಿದ ಸದ್ದು ನನಗೆ ಕೇಳಿಸಿತು. ಅತ್ತೆಯ ಉಗುರು ನನ್ನ ಬೆನ್ನಿಗೆ ಇಳಿಯಿತು.

"ಕಣ ಮುಗೀಲಿ, ಎತ್ತು ಬಿಡಲ್ಲ ಅಂದರಲ್ಲೋ ನನ್ನ ದೊರೆಯೇ, ಯಾರಿಗೆ ಒಪ್ಪಿಸಿ ಹೋದೆಯೋ."

"ಯಾರು? ಯಾರಂದಿದ್ದು?" ಎಂದು ಮಂಡಿಕಲ್‌ನವಳೊಬ್ಬಳು ತಡೆಯಲಾರದೆ ಕೇಳಿಯೇಬಿಟ್ಟಳು. "ಶ್, ಅಳ್ಲಿ ಸುಮ್ಕಿರೇ," ಎಂದರು ಶಿಡ್ಲಘಟ್ಟದವರು.

ಅತ್ತೆ ಹಲ್ಲು ಕಚ್ಚಿ ನನ್ನ ಕಿವಿಯಲ್ಲಿ ಹೇಳಿದರು, "ಸಾಕು ನಿಲ್ಸೇ, ಮುಂಡೆ." ನಾನು ಉಸಿರು ಎಳೆದುಕೊಂಡೆ, ಬೇಕೆಂದೇ ನಿಧಾನವಾಗಿ. ಆ ರಾಗ ಎಲ್ಲಿಗೆ ಬಂದು ಬೀಳುತ್ತದೆಂದು ಆಗ ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು.

"ಅಂದವರ ಹೆಗಲ ಮೇಲೇ ಬಿದ್ದು ಅಳ್ತಾ ಇದ್ದೀನಲ್ಲೋ ನನ್ನ ದೊರೆಯೇ."

ಕೊನೆಯ ಮಾತನ್ನು ನಾನು ಹೇಳಲಿಲ್ಲ. ಕೂತಿದ್ದ ಹೆಂಗಸರೇ ಮೆಲ್ಲಗೆ ಹೇಳಿದರು. ಅತ್ತೆ ನನ್ನನ್ನು ಬಿಡಲು ನೋಡಿದರು. ನಾನು ಬಿಡಲಿಲ್ಲ, ಇನ್ನೂ ಬಿಗಿಯಾಗಿ ತಬ್ಬಿದೆ, ಮತ್ತೆ ಉಸಿರು ಎಳೆದೆ. ಸತ್ತವನು ಅವರಿಗೂ ಮಗನೇ. ಅದು ನನಗೆ ಗೊತ್ತಿತ್ತು, ಆದರೂ ಬಿಡಲಿಲ್ಲ.

"ಮಗೂನ ತಗೊಂಡ್ ಬಾರೇ!" ಎಂದು ಅವರು ವಾರಗಿತ್ತಿಯನ್ನು ಕೂಗಿದರು. "ಇವಳ ಮಡ್ಲಿಗೆ ಹಾಕು. ಎಲ್ರೂ ಕೇಳ್ಕೊಳ್ಳಿ, ತಾಯಿ ಮಗ ಇಲ್ಲೇ ಇರ್ತಾರೆ. ಇವ್ಳನ್ನ ಯಾರೂ ಎಲ್ಲೂ ಕಳ್ಸಲ್ಲ."

ನಿಮ್ಮ ಅಪ್ಪ ಬಂದವನೇ ಕುಪ್ಪಸ ಹಿಡಿದು ಎಳೆದ. ನನ್ನ ಬಾಯಿ ಮುಚ್ಚಿತು.

ಸಂಜೆಯ ಬಸ್ಸಿನಿಂದ ಇನ್ನೂ ಹೆಚ್ಚು ಜನ ಇಳಿದರು. ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿತ್ತು. ಬಂದವರೆಲ್ಲ ನನ್ನ ಎದುರಿಗೆ ಜಾಗ ಹಿಡಿದು ಕೂತರು. ಅತ್ತೆ ನನ್ನನ್ನು ತಬ್ಬಿಕೊಳ್ಳಲು ಬರಲಿಲ್ಲ. ನಾನು ಮಗುವಿನ ತಲೆ ಸವರುತ್ತಾ ಕೂತಿದ್ದೆ.

"ಅವಳಿಗೆ ಗಂಟ್ಲು ಕಟ್ಟೈತೆ," ಎಂದರು ಅತ್ತೆ.

"ಅಯ್ಯೋ, ಅವಳ ಅಳು ಕೇಳಕ್ಕೇ ಅಂತ ಬಂದ್ವಲ್ಲಮ್ಮಾ," ಎಂದಳು ಒಬ್ಬಳು.